ಹನ್ನೆರಡು ಹೆಸರಿನ ಹನ್ನೊಂದು ಜನ

ಹೊಲಿಗೆ ಅಂಗಡಿ,
ಭಾನುವಾರ, ಮಾರ್ಚ್ 9

ನಮ್ಮ ಫುಟ್‌ಬಾಲ್ ತಂಡದ ಮುಖ್ಯ ಕೋಚ್, ಈ ಊರಿನ ಮುಖ್ಯ ಆರೋಪಿ ಮತ್ತು ನನ್ನ ಒಬ್ಬನೇ ತಮ್ಮನಿಗೆ,

ನೀನು ಚೆನ್ನಾಗಿದ್ದೀಯ ಎಂದು ಪೇಪರಿನಲ್ಲಿ ಓದಿದೆ. ಸಾಲಾಗಿ ಐದು ಆಟ ಗೆದ್ದವನ ಆರೋಗ್ಯ ವಿಚಾರಿಸುವ ಅಗತ್ಯವಿಲ್ಲ. ನಾನೂ ಚೆನ್ನಾಗಿದ್ದೇನೆ. ನೀನು ಕೇಳಿಲ್ಲ, ಆದರೂ ಹೇಳಿದ್ದೇನೆ.

ಉತ್ತರ ತಡವಾಯಿತು, ಕ್ಷಮಿಸು. ಜೆರ್ಸಿಗಳ ಗಂಟಿನೊಳಗೆ ನೀನು ಚೀಟಿ ಇಟ್ಟು ಕಳಿಸಿ ನಾಲ್ಕು ವಾರವಾಯಿತು. “ಅಕ್ಕ, ಯಾಕೆ ಮಾತು ಬಿಟ್ಟಿದ್ದೀಯ?” ಎಂದು ಕೇಳಿದ್ದೆ. ಅದಕ್ಕೆ ಉತ್ತರವಾಗಿ ನಾನು ಒಂಬತ್ತನೇ ನಂಬರನ್ನು ಬೇಕೆಂದೇ ಓರೆಯಾಗಿ ಹೊಲಿದು ಕಳಿಸಿದ್ದೆ. ಆ ಹುಡುಗ ಓರೆ ನಂಬರಿನಲ್ಲೇ ಎರಡು ಗೋಲು ಹೊಡೆದ, ನೀನು ಅದನ್ನು ಗಮನಿಸಲೇ ಇಲ್ಲ. ಎದುರಾಳಿಯ ಮನಸ್ಸು ಓದುವ ಕೋಚ್ ಎಂದು ನಿನ್ನ ಬಗ್ಗೆ ಬರೆಯುತ್ತಾರೆ. ಅಕ್ಕನ ಹೊಲಿಗೆ ಓದಲು ಬರಲಿಲ್ಲ.

ನಾಲ್ಕು ಬೀದಿ ಆಚೆ ಇರುವವನಿಗೆ ಕಾಗದ ಬರೆಯುವುದು ನಗೆಪಾಟಲಿನ ಕೆಲಸ ಎಂದು ನನಗೂ ಗೊತ್ತು. ಆದರೆ ಎದುರಿಗೆ ಬಂದರೆ ನೀನು ಗೂಟದ ಹಾಗೆ ನಿಲ್ಲುತ್ತೀಯ, ನಾನು ಬೈಯುತ್ತೇನೆ, ಅರ್ಧದಲ್ಲಿ ನಾನೇ ನಿನಗೆ ಊಟ ಬಡಿಸಲು ಏಳುತ್ತೇನೆ, ಬೈಗುಳ ಹಾಳಾಗುತ್ತದೆ. ಕಾಗದದಲ್ಲಿ ಹಾಗಲ್ಲ. ಕೊನೆಯ ತನಕ ಬೈಯಬಹುದು.

ಮೊದಲು ಸುದ್ದಿ. ನಿನ್ನ ಶತ್ರುಗಳೆಲ್ಲ ಕ್ಷೇಮ. ಎಂದಿನಂತೆ ಸಂಜೆ ಐದಕ್ಕೆ ನನ್ನ ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಸೇರುತ್ತಾರೆ. ಲೆಕ್ಕದ ಮೇಷ್ಟ್ರಿಗೆ ಕುರ್ಚಿ, ಏಕೆಂದರೆ ನಿವೃತ್ತರು. ಬಸ್ ಡ್ರೈವರಿಗೆ ಸ್ಟೂಲು, ಏಕೆಂದರೆ ದಿನವಿಡೀ ಮೆತ್ತನೆಯ ಸೀಟಿನಲ್ಲೇ ಕೂತಿರುತ್ತಾನೆ. ಬೇಕರಿಯವನು ನಿಂತೇ ಇರುತ್ತಾನೆ, ಸಿಟ್ಟು ಬಂದ ತಕ್ಷಣ ಹೊರನಡೆಯಲು ಅನುಕೂಲವೆಂದು. ಈಗ ಮೂವರ ಮುಖವನ್ನೂ ನೋಡಲಾಗುವುದಿಲ್ಲ. ಗೆಲ್ಲುವ ತಂಡದ ಅಭಿಮಾನಿಗಳಷ್ಟು ನಿರುದ್ಯೋಗಿಗಳು ಬೇರೆ ಯಾರೂ ಇಲ್ಲ. ಮೊನ್ನೆ ಬೈಯಲು ಏನೂ ಸಿಗದೆ ಅರ್ಧ ಗಂಟೆ ಮೈದಾನದ ಹುಲ್ಲನ್ನು ಬೈದರು.

ಜನವರಿಯಲ್ಲಿ ಹೀಗಿರಲಿಲ್ಲ. ಆರು ಆಟ, ಆರು ಸೋಲು. ಆಗ ನನ್ನ ಅಂಗಡಿಗೆ ಬಂದು ನೋಡಬೇಕಿತ್ತು, ಬಂದಿದ್ದರೆ ಕತ್ತರಿಗಳನ್ನೆಲ್ಲ ಒಳಗಿಟ್ಟು ನಿನ್ನನ್ನು ಒಳಗೆ ಬಿಡುತ್ತಿದ್ದೆ.

“ಒಂದು ಗೋಲು ಮುಂದಿದ್ದೀವಿ, ಅರವತ್ತನೇ ನಿಮಿಷ,” ಎಂದು ಶುರು ಮಾಡಿದ್ದ ಡ್ರೈವರ್. “ಗೋಲು ಹೊಡೆದವನನ್ನೇ ಹೊರಗೆ ಕರೆದು ಡಿಫೆಂಡರನ್ನ ಇಳಿಸ್ತಾನೆ ನಿಮ್ಮ ತಮ್ಮ. ಇಳಿಜಾರು ಬರೋದು ಇನ್ನೂ ಎರಡು ಮೈಲಿ ಇದೆ, ಈಗಲೇ ಬ್ರೇಕ್ ಮೇಲೆ ಹತ್ತಿ ನಿಂತ್ರೆ ಹಿಂದಿನ ಗಾಡಿ ಬಂದು ಗುದ್ದಲ್ವಾ? ಗುದ್ದಿದ್ರು. ಎರಡು ಗೋಲು.”

“ಆ ಕೀಪರ್ ಕೈಗೆ ನಾನು ಒಂದು ಟ್ರೇ ಬನ್ನು ಕೊಡಲ್ಲ,” ಎಂದ ಬೇಕರಿಯವನು. “ಬಾಗಿಲ ತನಕ ತಲುಪಿಸಲ್ಲ ಅವನು. ಅವನಿಗೆ ಗೋಲು ಕಾಯೋಕೆ ಹೇಳಿದ್ದಾನೆ. ಹೊರಗೆ ಕೂತಿರೋ ಚಿಕ್ಕ ಹುಡುಗನನ್ನ ಹಾಕೋಕೆ ಏನು ರೋಗ?”

“ಭಾವನೆ ಬೇಡ, ಸರಾಸರಿ ತೆಗೀರಿ,” ಎಂದರು ಮೇಷ್ಟ್ರು. “ಆರು ಆಟಕ್ಕೆ ಹದಿನಾಲ್ಕು ಗೋಲು ಬಿಟ್ಟಿದ್ದೀವಿ. ಮಧ್ಯದಲ್ಲಿ ಇಬ್ಬರು ಕಾಯೋರು ಬೇಕು. ನಿಮ್ಮ ತಮ್ಮನಿಗೆ ನಾನೇ ಲೆಕ್ಕ ಕಲಿಸಿದ್ದು. ಭಾಗಾಕಾರದಲ್ಲಿ ಆಗಲೂ ವೀಕು.”

ಅಳಿಯನ ಮಾತು ಬಂದಾಗ ಮಾತ್ರ ಮೂವರೂ ನನ್ನ ಗುಂಡಿಗಳ ಡಬ್ಬಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ನನ್ನ ಮಗನಿಗೆ ಇಡೀ ಮೈದಾನ “ಅಳಿಯ” ಎಂದು ಹೆಸರಿಟ್ಟಿರುವುದು ನಿನಗೆ ಗೊತ್ತು, ಆದರೆ ನೀನು ಬೆಂಚಿನ ಬಳಿ ನಿಲ್ಲುವವನು. ನಾನು ಕೂರುವುದು ಜನರ ಮಧ್ಯೆ. ಅವನು ಬಲಬದಿಯಲ್ಲಿ ಚೆಂಡು ಕಳೆದುಕೊಂಡಾಗಲೆಲ್ಲ ನನ್ನ ಹಿಂದಿನ ಸಾಲಿನಿಂದ, “ಅಳಿಯಾ, ಊಟಕ್ಕೆ ಕರೀತಿದ್ದಾರೆ ಮಾವ, ಹೋಗಪ್ಪ,” ಎಂದು ಕೂಗುತ್ತಾರೆ. ಒಂದು ಸಲ ತಿರುಗಿ ನೋಡಿದೆ. ಕೂಗಿದವನ ಪ್ಯಾಂಟನ್ನು ನಾನೇ ಹೊಲಿದಿದ್ದೆ. ಮುಂದಿನ ಬಾರಿ ಸೊಂಟದ ಅಳತೆಯಲ್ಲಿ ಅರ್ಧ ಇಂಚು ಕಡಿಮೆ ಮಾಡಿದೆ. ತಾಯಿಯಾದವಳು ಇಷ್ಟಾದರೂ ಮಾಡಬೇಕು.

ಆರನೆಯ ಸೋಲಿನ ಮರುದಿನ ಮನವಿಪತ್ರದ ಯೋಚನೆ ಹುಟ್ಟಿತು. ಸುಮ್ಮನೆ ಬೈದರೆ ಪ್ರಯೋಜನವಿಲ್ಲ, ಆಡಬೇಕಾದ ಹನ್ನೊಂದು ಜನರನ್ನು ನಾವೇ ಆರಿಸಿ ಕೋಚಿಗೆ ಕಳಿಸೋಣ ಎಂದರು ಮೇಷ್ಟ್ರು. ಮೂರು ಸಂಜೆ ಮೇಜಿನ ಮೇಲೆ ಒಂದು ಅಂಗಿಯನ್ನೂ ಕತ್ತರಿಸಲು ನನಗೆ ಬಿಡಲಿಲ್ಲ. ಡ್ರೈವರಿಗೆ ಮೂವತ್ತೇಳು ವರ್ಷದ ಹಳೆಯ ಸ್ಟ್ರೈಕರ್ ಬೇಕೇ ಬೇಕು. ಬೇಕರಿಯವನಿಗೆ ಚಿಕ್ಕ ಕೀಪರ್. ಮೇಷ್ಟ್ರಿಗೆ ಮಧ್ಯದಲ್ಲಿ ಇಬ್ಬರು. ಹೀಗೆ ಒಬ್ಬೊಬ್ಬರದೂ ಸೇರಿ ಪಟ್ಟಿ ಮುಗಿಯಿತು ಅನ್ನುವಾಗ ಡ್ರೈವರ್ ಕೆಮ್ಮಿದ.

“ಅಕ್ಕನ ಮೇಜಿನ ಮೇಲೆ ಬರೀತಾ ಇದ್ದೀವಿ. ಅವರ ಮಗನ್ನ ಬಿಟ್ಟು ಹೇಗ್ರೀ?”

“ನನ್ನ ಮುಖ ನೋಡಿ ಸೇರಿಸಬೇಡ,” ಎಂದೆ.

“ಮುಖ ನೋಡಿ ಅಲ್ಲ, ಅವನೂ ಓಡ್ತಾನೆ,” ಎಂದ. ಆ ಒಂದು “ಅವನೂ” ಎಷ್ಟು ಚುಚ್ಚಿತೆಂದರೆ ಬೆರಳಿಗೆ ಕವಚ ಹಾಕಿಕೊಂಡಿದ್ದರೂ ಪ್ರಯೋಜನವಾಗಲಿಲ್ಲ.

ಮೇಷ್ಟ್ರು ದುಂಡಗಿನ ಅಕ್ಷರದಲ್ಲಿ ಪಟ್ಟಿಯ ನಕಲು ತೆಗೆದರು. ಈ ಅಂಗಡಿಯಲ್ಲಿ ಆಟಗಾರರನ್ನು ಒಂದು, ಎರಡು ಎಂದು ಯಾರೂ ಎಣಿಸುವುದಿಲ್ಲ. ನಂಬರು ಹೊಲಿಯುವ ಜಾಗ, ಎಲ್ಲರಿಗೂ ಬೆನ್ನ ಮೇಲಿನ ನಂಬರೇ ಬಾಯಿಗೆ ಬರುವುದು. ಅವರೂ ಹೆಸರಿನ ಮುಂದೆ ಜೆರ್ಸಿ ನಂಬರನ್ನೇ ಬರೆದರು: 1, 4, 5, 8, 17, 22, ಹೀಗೆ ಹೋಗಿ 31ಕ್ಕೆ ಮುಗಿಯಿತು. ಮೂವತ್ತೊಂದಕ್ಕೆ ಮುಗಿಯುವ ಪಟ್ಟಿಯಲ್ಲಿ ಎಷ್ಟು ಜನರಿದ್ದಾರೆಂದು ಯಾರಿಗೂ ಅನುಮಾನ ಬರಲಿಲ್ಲ. ನೂರಾ ನಲವತ್ತು ಮಂದಿ ಸಹಿ ಹಾಕಿದರು. ಮೊದಲ ಸಹಿ ಲೆಕ್ಕದ ಮೇಷ್ಟ್ರದು.

ಎರಡು ದಿನಕ್ಕೆ ನಿನ್ನ ಉತ್ತರ ಬಂತು, ಜೆರ್ಸಿಗಳ ಗಂಟಿನಲ್ಲೇ, ಪಟ್ಟಿಯ ಜೊತೆ. ಬಾಯಿಪಾಠವಾಗಿದೆ ನನಗೆ: “ನಿಮ್ಮ ಹನ್ನೊಂದು ಜನರಲ್ಲಿ ಹನ್ನೆರಡು ಜನರಿದ್ದಾರೆ. ಒಬ್ಬರ ಹೆಸರು ಹೊಡೆದು ಶುಕ್ರವಾರದೊಳಗೆ ಕಳಿಸಿ. ಉಳಿದವರನ್ನು ಭಾನುವಾರ ಹಾಗೆಯೇ ಆಡಿಸುತ್ತೇನೆ. ಸೋತರೆ ಬೈಗುಳ ಹಂಚಿಕೊಳ್ಳೋಣ.”

ಬಹಳ ಬುದ್ಧಿವಂತಿಕೆ ತೋರಿಸಿದೆ ಅಂದುಕೊಂಡಿರಬೇಕು. ಬರೆಯುವಾಗ ತುಟಿಯ ಕೊನೆಯಲ್ಲಿ ನಕ್ಕಿರುತ್ತೀಯ, ಚಿಕ್ಕಂದಿನಲ್ಲಿ ನನ್ನ ಪಾಲಿನ ತಿಂಡಿಯನ್ನು ಬಚ್ಚಿಟ್ಟು “ಹುಡುಕು” ಅನ್ನುವಾಗ ನಗುತ್ತಿದ್ದ ಹಾಗೆ.

ಮೇಷ್ಟ್ರು ಬೆರಳು ಮಡಚಿ ಮೂರು ಸಲ ಎಣಿಸಿದರು. ಮೂರನೆಯ ಸಲವೂ ಹನ್ನೆರಡೇ ಬಂದಾಗ ಕನ್ನಡಕ ಒರೆಸಿಕೊಂಡರು, ತಪ್ಪು ಗಾಜಿನದು ಎಂಬಂತೆ.

“ಹನ್ನೊಂದು ಎಣಿಸೋಕೆ ಬರದೋರು ನಲವತ್ತು ವರ್ಷ ಮಕ್ಕಳಿಗೆ ಏನು ಕಲಿಸಿದ್ರಿ?” ಎಂದ ಡ್ರೈವರ್.

“ನಿನಗೆ ಕಲಿಸಿದ್ದೆ. ಅದಕ್ಕೇ ಬಸ್ಸು ಓಡಿಸ್ತಿದ್ದೀಯ.”

“ಬಸ್ಸು ನಿಂತರೆ ನೀವು ಮನೆಗೆ ನಡ್ಕೊಂಡೇ ಹೋಗಬೇಕು, ನೆನಪಿರಲಿ. ನಿಮ್ಮ ಇಬ್ಬರಲ್ಲಿ ಒಬ್ಬನ್ನ ಹೊಡೀರಿ. ಇಬ್ಬರು ಕಾವಲುಗಾರರು ಯಾಕೆ, ಇದೇನು ಜೈಲಾ?”

“ನಿನ್ನ ಸ್ಟ್ರೈಕರನ್ನ ಹೊಡಿ. ಅವನು ಪೆನಾಲ್ಟಿ ಜಾಗದ ತನಕ ಹೋಗೋಷ್ಟರಲ್ಲಿ ಅರ್ಧ ಆಟ ಮುಗಿದಿರತ್ತೆ.”

“ಇಬ್ಬರೂ ಬಾಯಿ ಮುಚ್ಚಿ,” ಎಂದ ಬೇಕರಿಯವನು. ಅವನ ಕೀಪರಿಗೆ ಅಪಾಯವಿರಲಿಲ್ಲ, ಕೀಪರ್ ಒಬ್ಬನೇ ಇದ್ದದ್ದು. ಹಾಗಾಗಿ ಅವನಿಗೆ ನ್ಯಾಯಾಧೀಶನ ಗಾಂಭೀರ್ಯ ಬಂದಿತ್ತು. “ಯಾರನ್ನ ಬಿಡಬೇಕು ಅಂತ ಇಲ್ಲಿರೋ ಎಲ್ಲರಿಗೂ ಗೊತ್ತು. ಹೇಳೋ ಧೈರ್ಯ ಇಲ್ಲ, ಅಷ್ಟೇ.”

ಮೇಷ್ಟ್ರು ಗೋಡೆಯ ಅಳತೆಪಟ್ಟಿಯನ್ನು ಓದಿದರು. ಡ್ರೈವರ್ ತನ್ನ ಚಪ್ಪಲಿ ನೋಡಿಕೊಂಡ. ನಾನು ಮಶಿನ್ನಿಗೆ ದಾರ ಪೋಣಿಸಿದೆ. ಮೊದಲೇ ಪೋಣಿಸಿತ್ತು, ಬಿಚ್ಚಿ ಮತ್ತೆ ಪೋಣಿಸಿದೆ. ಮೂವರೂ ಬೈದುಕೊಂಡೇ ಹೊರಟುಹೋದರು, ಪಟ್ಟಿ ಮೇಜಿನ ಮೇಲೆಯೇ ಉಳಿಯಿತು.

ಶುಕ್ರವಾರ ಗಂಟಿನ ಜೊತೆ ಅದು ನಿನಗೆ ತಲುಪಿತು, ಹದಿನೇಳನೇ ನಂಬರಿನ ಮೇಲೆ, ನನ್ನ ಮಗನ ಹೆಸರಿನ ಮೇಲೆ, ಗೆರೆ ಎಳೆದು. ಯಾರು ಎಳೆದದ್ದೆಂದು ಅಂಗಡಿಯಲ್ಲಿ ಇವತ್ತಿಗೂ ಜಗಳ. ಮೇಷ್ಟ್ರಿಗೆ ಡ್ರೈವರ್ ಮೇಲೆ ಅನುಮಾನ, ಡ್ರೈವರಿಗೆ ಬೇಕರಿಯವನ ಮೇಲೆ. ಬೇಕರಿಯವನು ಎರಡು ವಾರ ನನಗೆ ಬ್ರೆಡ್ಡು ಕೊಡುವಾಗ ಕಣ್ಣಿಗೆ ಕಣ್ಣು ಕೊಡಲಿಲ್ಲ, ಏಕೆಂದರೆ ಅವನಿಗೆ ತನ್ನ ಮೇಲೆಯೇ ಅನುಮಾನ.

ಭಾನುವಾರ ನಾನು ಎಂದಿನ ಜಾಗದಲ್ಲೇ ಕೂತೆ. ಮೂರು-ಸೊನ್ನೆ. ಚಿಕ್ಕ ಕೀಪರ್ ಪೆನಾಲ್ಟಿ ಹಿಡಿದ. ಮುದಿ ಸ್ಟ್ರೈಕರ್ ತಲೆಯಿಂದ ಗೋಲು ಹೊಡೆದ. ಬೆಂಚಿನ ಕೊನೆಯಲ್ಲಿ ಒಬ್ಬ ತೊಂಬತ್ತು ನಿಮಿಷ ಟ್ರ್ಯಾಕ್‌ಸೂಟಿನ ಜಿಪ್ಪನ್ನು ಮೇಲೆ ಕೆಳಗೆ ಎಳೆಯುತ್ತ ಕೂತಿದ್ದ. ಆ ಜಿಪ್ಪನ್ನು ಹಾಕಿದ್ದು ನಾನು. ಅಷ್ಟು ದೂರದಿಂದಲೂ ಅದರ ಸದ್ದು ನನಗೊಬ್ಬಳಿಗೇ ಕೇಳುತ್ತಿತ್ತು. ಹಿಂದಿನ ಸಾಲಿನವರು ಕುಣಿದರು. “ಅಳಿಯನ್ನ ಕೂರಿಸಿದ್ದೇ ತಡ, ಗೆದ್ವಿ ನೋಡಿ,” ಎಂದ ಒಬ್ಬ, ನನ್ನ ಭುಜಕ್ಕೆ ಕೈಹಾಕಿ, ನಾನು ಯಾರೆಂದು ತಿಳಿಯದೆ.

ಮನೆಗೆ ಬಂದ ಮಗ ಶೂ ಬಿಚ್ಚದೆ ಬಾಗಿಲಲ್ಲಿ ನಿಂತ. “ಕೇಳಿದೆ ಅಮ್ಮ, ಎಲ್ಲರ ಎದುರಿಗೇ ಕೇಳಿದೆ, ನನ್ನ ಯಾರು ತೆಗೆದದ್ದು ಅಂತ. ‘ತಂಡ ಆರಿಸೋನು ನಾನು. ನಾನೇ ತೆಗೆದೆ,’ ಅಂದ. ಅಷ್ಟೇ. ನನ್ನ ಮುಖಾನೂ ನೋಡಲಿಲ್ಲ. ಜನ ಕೂಗ್ತಾರೆ ಅಂತ ಹೆದರಿ ನನ್ನ ಮಾರಿಬಿಟ್ಟ ನಿನ್ನ ತಮ್ಮ.” ಅವತ್ತಿನಿಂದ ಅವನು ನಿನ್ನನ್ನು ಮಾವ ಎನ್ನುವುದಿಲ್ಲ. “ನಿನ್ನ ತಮ್ಮ” ಅನ್ನುತ್ತಾನೆ, ನೀನು ನನ್ನ ಕೆಟ್ಟ ಅಭ್ಯಾಸವೋ ಎಂಬಂತೆ. ಬುಧವಾರ ಕ್ಲಬ್ಬು ಬಿಟ್ಟ. ಈಗ ಮೂರು ಗಂಟೆ ದೂರದ ಊರಿನ ಎರಡನೇ ದರ್ಜೆ ತಂಡದಲ್ಲಿ ಆಡುತ್ತಿದ್ದಾನೆ. ಅಲ್ಲಿ ಅವನನ್ನು ಯಾರೂ ಅಳಿಯ ಎನ್ನುವುದಿಲ್ಲವಂತೆ. ಅಲ್ಲಿ ಅವನನ್ನು ಯಾರೂ ಏನೂ ಅನ್ನುವುದಿಲ್ಲ ಎಂದು ನನಗೆ ಅರ್ಥವಾಗಿದೆ, ನೋಡಲು ಬರುವವರೇ ಎಂಬತ್ತು ಜನ.

ಈಗ ನನ್ನ ದೂರು. ಐದು ವಾರ ಕಾದೆ, ಬಾಗಿಲಿಗೆ ಬಂದು ಒಂದು ಮಾತು ಹೇಳುತ್ತೀಯೇನೋ ಎಂದು. ನಿನಗೆ ಬಾಯಿಲ್ಲವೇ? ರೆಫರಿಯ ವಂಶವನ್ನೆಲ್ಲ ಜಾಲಾಡುವಾಗ ಇರುವ ಬಾಯಿ ಸ್ವಂತ ಅಳಿಯನ ಎದುರು ಎಲ್ಲಿ ಹೋಯಿತು? “ಇದು ನನ್ನ ತೀರ್ಮಾನವಲ್ಲ, ಊರಿನವರ ಪಟ್ಟಿ, ಇಲ್ಲಿದೆ ನೋಡು,” ಎನ್ನಲು ಎಷ್ಟು ಹೊತ್ತು ಬೇಕಿತ್ತು? ನೂರಾ ನಲವತ್ತು ಜನರ ಸಹಿಯ ಕಾಗದ ಜೇಬಿನಲ್ಲಿಟ್ಟುಕೊಂಡು “ನಾನೇ” ಎಂದೆಯಂತೆ. ದೊಡ್ಡ ಮನುಷ್ಯ. ನಿನ್ನನ್ನು ಮೈದಾನದ ಗೇಟಿನಲ್ಲಿ ವಿಗ್ರಹ ಮಾಡಿ ನಿಲ್ಲಿಸಬೇಕು, ಪಾರಿವಾಳಗಳಿಗಾದರೂ ಉಪಯೋಗವಾಗುತ್ತದೆ.

ಪೇಪರಿನವರು ನಿನ್ನನ್ನು ಹೊಗಳುವಾಗ ನನ್ನ ಮೈ ಉರಿಯುತ್ತದೆ. “ಸಂಬಂಧ ನೋಡದ ಕೋಚ್” ಎಂದು ಬರೆದಿದ್ದಾರೆ. ಅದನ್ನು ಕತ್ತರಿಸಿ ಸೂಜಿ ಚುಚ್ಚುವ ದಿಂಬಿನ ಕೆಳಗೆ ಇಟ್ಟಿದ್ದೇನೆ. ದಿನಕ್ಕೆ ನಾಲ್ಕೈದು ಸಲ ಚುಚ್ಚುತ್ತೇನೆ.

ಇನ್ನು ಆಶೀರ್ವಾದ. ಹಿರಿಯಳಾಗಿ ಮಾಡಲೇಬೇಕು, ಮಾಡುತ್ತೇನೆ. ನಿನ್ನ ಮೊಣಕಾಲು ನೋವು ವಾಸಿಯಾಗಲಿ. ನಿನ್ನ ಡಿಫೆಂಡರುಗಳಿಗೆ ಎಡ ಬಲ ತಿಳಿಯಲಿ. ನಿನಗೆ ನಿದ್ದೆ ಚೆನ್ನಾಗಿ ಬರಲಿ, ನನಗೆ ಬರುವುದಕ್ಕಿಂತ ಸ್ವಲ್ಪ ಹೆಚ್ಚು. ಮುಂದಿನ ಆಟ ಸೋಲು, ನಮ್ಮ ಅಂಗಡಿಗೆ ಕಳೆ ಬರಲಿ.

ಇಷ್ಟೆಲ್ಲ ಬೈದರೂ ಇನ್ನೂ
ನಿನ್ನ ಅಕ್ಕ

ಮರೆತದ್ದು: ಮರೆತದ್ದಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ.

ಆ ಗೆರೆ ಪೆನ್ನಿನದಲ್ಲ, ಬಟ್ಟೆಗೆ ಗುರುತು ಹಾಕುವ ನನ್ನ ನೀಲಿ ಸೀಮೆಸುಣ್ಣದ್ದು. ನೋಡಿದ ಕೂಡಲೇ ನಿನಗೆ ತಿಳಿದಿದೆ. ತಿಳಿದೇ “ನಾನೇ” ಎಂದೆ. ಅದಕ್ಕೇ ನಿನ್ನ ಮೇಲೆ ಇಷ್ಟು ಸಿಟ್ಟು.

ಚೆಂಡು ಕಳೆದುಕೊಂಡ ಮೇಲೆ ಅವನು ಹಿಂದಕ್ಕೆ ಓಡುವುದಿಲ್ಲ, ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾನೆ. ಎರಡು ವರ್ಷದಿಂದ ನೋಡುತ್ತಿದ್ದೇನೆ. ಹೆತ್ತವಳಲ್ಲವೇ, ಗೆರೆ ಎಳೆಯುವ ಮೊದಲು ಒಂದು ರಾತ್ರಿಯಾದರೂ ಒದ್ದಾಡಬೇಕಿತ್ತು. ಒದ್ದಾಡಲಿಲ್ಲ. ಅವರು ಮೂವರೂ ಬೀದಿ ತಿರುವು ದಾಟುವುದರೊಳಗೆ ಎಳೆದಾಗಿತ್ತು. ಮೂರನೆಯ ಗೋಲಿಗೆ ಎಲ್ಲರ ಜೊತೆ ನಾನೂ ಎದ್ದು ನಿಂತು ಚಪ್ಪಾಳೆ ಹೊಡೆದೆ.

ಅವನು ಬೆಳಿಗ್ಗೆ ಊರಿಗೆ ಬಂದಿದ್ದಾನೆ. ಈಗ ಈ ಮೇಜಿನ ಆ ತುದಿಯಲ್ಲಿ ಕೂತು ಊಟ ಮಾಡುತ್ತಿದ್ದಾನೆ, ನಿನ್ನನ್ನು ಬೈಯುತ್ತ. ನಾನು ಹೂಂಗುಟ್ಟುತ್ತಿದ್ದೇನೆ. ಊಟ ಮುಗಿಯಲಿ ಎಂದು ಕಾಯುತ್ತಿದ್ದೇನೆ. ಈ ಕಾಗದವನ್ನು ನಿನ್ನ ಮನೆಗೆ ತಲುಪಿಸು ಎಂದು ಅವನ ಕೈಗೇ ಕೊಡುತ್ತೇನೆ. ಲಕೋಟೆ ಅಂಟಿಸುವುದಿಲ್ಲ.