ಬಣ್ಣ ಬಿಡುವ ದುಪಟ್ಟಾ

ಕೊಟ್ಟೂರು
11-11-2024, ಸೋಮವಾರ

ಅರ್ಚನಾ,

ಸಿಟ್ಟಿನಲ್ಲಿರುವ ಮುಬೀನಾಳ ಸಲಾಮು. ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಉತ್ತರ ಕೊಡದೆ, ಹಾಲು ಉಕ್ಕುತ್ತಿದೆ ಎಂದು ಸುಳ್ಳು ಹೇಳಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಬೆಕ್ಕಿನ ಬುಟ್ಟಿಯಲ್ಲಿ ನಾನು ಹಾಸಿಕೊಟ್ಟ ಹಸಿರು ದುಪಟ್ಟಾ ವಾಸನೆ ಬರುತ್ತಿದೆ, ಒಗೆಯಲೇ ಎಂದು ಕೇಳಿದೆಯಲ್ಲ. ಬೇಡ. ಅದು ಬಣ್ಣ ಬಿಡುತ್ತದೆ ಎಂದು ಮೊದಲೇ ಹೇಳಿದ್ದೇನೆ.

ಇನ್ನೊಂದು ಮಾತು. ಬೂದು ಬಣ್ಣದ ಬೆಕ್ಕಿಗೆ ಮಲ್ಲಿ ಎಂದು ಹೆಸರಿಡುವವರು ಎಲ್ಲಾದರೂ ಇದ್ದಾರೆಯೇ? ಮಲ್ಲಿಗೆಗೆ ಹೆಸರಾದ ಹಡಗಲಿ ಸೀಮೆಗೆ ಸೊಸೆಯಾಗಿ ಹೋದ ಮಾತ್ರಕ್ಕೆ ಕಂಡದ್ದಕ್ಕೆಲ್ಲ ಹೂವಿನ ಹೆಸರೇ? ನಾನಿಟ್ಟ ಹೆಸರು ಬೂದಿ. ಅಂಥ ಹೆಸರು ಬಾಯಲ್ಲಿ ಬರಬಾರದು ಎಂದು ನಿಮ್ಮ ಅತ್ತೆ ಗುರುಬಸಮ್ಮನವರು ಹೇಳಿದರಂತೆ. ದಿನವೂ ವಿಭೂತಿ ಧರಿಸುವವರಿಗೆ ಬೂದಿ ಎನ್ನಲು ಏನು ಸಂಕೋಚವೋ.

ಗುಡೇಕೋಟೆಯಿಂದ ನಮ್ಮ ಗ್ಯಾರೇಜಿಗೆ ರಿಪೇರಿಗೆಂದು ಬಂದ ಗೂಡ್ಸ್ ಗಾಡಿಯ ಬಾನೆಟ್ ಎತ್ತಿದಾಗ ನಮ್ಮ ಯಜಮಾನರ ಕೈಗೆ ಸಿಕ್ಕವಳು ಅವಳು. ಎರಡು ತಿಂಗಳು ಮಂಚದ ಕೆಳಗೆ ಬಗ್ಗಿ ಬಗ್ಗಿ ಸೊಂಟ ಹಿಡಿಸಿಕೊಂಡವಳು ನಾನು. ಮುಳ್ಳು ಬಿಡಿಸಿದ ಮೀನು ಇಟ್ಟರೂ ನಾನು ಆಚೆ ಹೋದ ಮೇಲೆಯೇ ತಿನ್ನುತ್ತಿದ್ದಳು. ಗ್ಯಾರೇಜಿನಲ್ಲಿ ಕಂಪ್ರೆಸರ್ ಶುರುವಾದರೆ ಸಾಕು, ಅಕ್ಕಿ ಡಬ್ಬಿಯ ಹಿಂದೆ ಸೇರಿ ನಡುಗುತ್ತಿದ್ದಳು. ಹಾಗೆಂದು ಗ್ಯಾರೇಜು ಮುಚ್ಚಲಾಗುತ್ತದೆಯೇ? ನಿಮ್ಮ ಮನೆಯಲ್ಲಾದರೆ ಗೋಡೆ ಗಡಿಯಾರದ ಸದ್ದೂ ಕೇಳಿಸುತ್ತದೆ. ನಾನೇ ಬುಟ್ಟಿಯಲ್ಲಿ ಕೂರಿಸಿ ತಂದುಕೊಟ್ಟೆ. ಅಂದು ಸಂಕಟವಾಗಿತ್ತು, ಹೊಟ್ಟೆಕಿಚ್ಚು ಇರಲಿಲ್ಲ.

ಅದು ಶುರುವಾದದ್ದು ಹೋದ ಬುಧವಾರ. ಅವಳು ನಿನ್ನ ಪಾದದ ಮೇಲೆ ತಲೆಯಿಟ್ಟು ಮಲಗಿದ ಫೋಟೋ ಕಳಿಸಿದೆಯಲ್ಲ, ಅದನ್ನು ನೋಡಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನನ್ನ ಮೀನಿಗೆ ಬಗ್ಗದವಳು ನಿನ್ನ ಮೊಸರನ್ನಕ್ಕೂ ಪ್ಯಾಕೆಟ್ಟಿನ ಬೆಕ್ಕಿನ ತಿಂಡಿಗೂ ಬಗ್ಗಿದಳಲ್ಲ! ಶುಕ್ರವಾರ ಹಡಗಲಿಯಲ್ಲಿ ಬಸ್ಸು ಬದಲಿಸಿ ಹಿರೇಹಡಗಲಿಗೆ ಬಂದೇಬಿಟ್ಟೆ. ನಿನ್ನನ್ನು ನೋಡಬೇಕೆನಿಸಿತು ಎಂದೆ. ನಿನ್ನನ್ನಲ್ಲ.

ನೀನು ಚಹಾ ಮಾಡಲು ಒಳಗೆ ಹೋದಾಗ ಬುಟ್ಟಿಯ ದುಪಟ್ಟಾ ತೆಗೆದು ಹೊದ್ದುಕೊಂಡೆ. ಚಳಿ ಎಂದು ನೆಪ ಹೇಳಿ ಹೊರಡುವವರೆಗೂ ತೆಗೆಯಲಿಲ್ಲ. ಬೂದಿ ಬಂದು ನನ್ನ ಪಕ್ಕಕ್ಕೆ ಒತ್ತಿ ಕೂತಳು, ಮೊದಲನೆಯ ಸಲ. ಚಹಾ ಹಿಡಿದು ಬಂದ ನಿನ್ನ ಮುಖ ಸಪ್ಪಗಾಯಿತು. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಹೋಗುವಾಗ ದುಪಟ್ಟಾವನ್ನು ಮತ್ತೆ ಬುಟ್ಟಿಯಲ್ಲೇ ಹಾಸಿದೆ, ನನ್ನ ವಾಸನೆ ಹೊಸದಾಗಿರಲಿ ಎಂದು.

ಅಂದಿನಿಂದ ಅವಳು ಬೀರುವಿನ ಹಿಂದೆ ಸೇರಿದ್ದಾಳೆ, ಎರಡು ದಿನದಿಂದ ಏನೂ ತಿಂದಿಲ್ಲ, ಬಾಗಿಲ ಕಡೆಗೇ ಮುಖ ಮಾಡಿ ಕೂತಿರುತ್ತಾಳೆ ಎಂದು ನಿನ್ನೆ ನೀನು ಹೇಳಿದೆ. ನನ್ನ ಮೇಲೆ ಒಂದು ಮಾತೂ ಹೊರಿಸಲಿಲ್ಲ. ಹಿಂದಿನಿಂದ ಗುರುಬಸಮ್ಮನವರ ದನಿ ಮಾತ್ರ ಕೇಳಿಸಿತು: “ತವರಮನಿಯವರು ಬಂದು ಜಗ್ಗಾಡಿದ್ರ ಹುಡುಗಿ ಹೆಂಗ ನಿಂದರತೈತವ್ವ?” ಆಗಲೇ ನನ್ನ ಹಾಲು ಉಕ್ಕಿದ್ದು.

ನೀನಾದರೂ ಎರಡು ಮಾತು ಬೈದಿದ್ದರೆ ನಾನೂ ತಿರುಗಿ ಜಗಳವಾಡಿ ಹಗುರಾಗುತ್ತಿದ್ದೆ. ಸುಮ್ಮನಿದ್ದು ಗೆದ್ದುಬಿಡುತ್ತೀಯ, ಕಾಲೇಜಿನಿಂದಲೂ ಇದೇ ನಿನ್ನ ಚಾಳಿ. ಅವಳು ತಿಂದ ಕೂಡಲೇ ತಿಳಿಸು.

ಹೊಟ್ಟೆಕಿಚ್ಚಿನ ನಿನ್ನ ಗೆಳತಿ,
ಮುಬೀನಾ

ತಾ.ಕ.: ಈ ಶುಕ್ರವಾರ ನಾನು ಬರುವುದಿಲ್ಲ, ನೀನು ಕರೆಯುವವರೆಗೂ ಬರುವುದಿಲ್ಲ. ಆ ದುಪಟ್ಟಾ ಬಣ್ಣ ಬಿಡುವುದಿಲ್ಲ. ಆರು ವರ್ಷ ಒಗೆದಿದ್ದೇನೆ, ಒಂದು ಹನಿ ಬಿಟ್ಟಿಲ್ಲ. ಸಾಬೂನು ಹಚ್ಚಿ ಚೆನ್ನಾಗಿ ಒಗೆದು ಬಿಸಿಲಿಗೆ ಹಾಕು. ಒಣಗಿದ ಮೇಲೆ ಒಂದು ದಿನ ನೀನೇ ಹೊದ್ದುಕೊಂಡು ಓಡಾಡು. ಆಮೇಲೆ ಮಲ್ಲಿಯ ಬುಟ್ಟಿಯಲ್ಲಿ ಹಾಸು.