ಗೇಟಿನ ನೀಲಿ ಬಣ್ಣ

ಬ್ರಾಕ್‌ಬರ್ನ್ ಗೇಟ್‌ಮನೆ
೬ ಮಾರ್ಚ್ ೨೦೧೬, ಭಾನುವಾರ

ಪ್ರೀತಿಯ ಹಿಲ್ಡಕ್ಕನಿಗೆ,

ನಿನ್ನ ಮೊಣಕಾಲು ಹೇಗಿದೆ? ನನ್ನದು ಇದೆ, ಅಷ್ಟೇ.

ಮೊದಲೇ ಹೇಳಿಬಿಡುತ್ತೇನೆ, ಈ ಕಾಗದವನ್ನು ಅರ್ಧ ಓದಿ ಮಡಚಿಡಬೇಡ. ರೈಲು ಅನ್ನುವ ಮಾತು ಕಂಡ ಕೂಡಲೇ ನೀನು ಮಡಚುತ್ತೀ ಎಂದು ನನಗೆ ಗೊತ್ತು. ಈಗ ಆ ಮಾತು ಬಂದೇಬಿಟ್ಟಿತು. ಇನ್ನು ಪೂರ್ತಿ ಓದುವುದೇ ವಾಸಿ.

ಸಂಗತಿ ಇಷ್ಟೇ. ನಿಂತುಹೋದ ರೈಲನ್ನು ಮತ್ತೆ ಓಡಿಸಲು ಹೊರಟಿರುವ ಸಂಘದವರು ಪೇಟೆಯ ಕಡೆಯಿಂದ ಹಾಕಿಕೊಂಡು ಬಂದ ಹಳಿ ನಮ್ಮ ಬೇಲಿಯ ಈ ಬದಿಗೆ ಬಂದು ನಿಂತಿದೆ. ಬಂದರಿನ ಕಡೆಯಿಂದ ಬಂದದ್ದು ಆ ಬದಿಗೆ ನಿಂತಿದೆ. ನಡುವೆ ನಮ್ಮ ನೆಲದ ಪಟ್ಟಿ: ರೈಲ್ವೆ ಗೇಟು, ಗೇಟ್‌ಮನೆ, ನನ್ನ ಲೀಕ್ ಈರುಳ್ಳಿಯ ಪಾತಿ. ರೈಲು ನಿಂತುಹೋದ ಮೇಲೆ ಅಪ್ಪ ಕೊಂಡ ಈ ನೆಲವನ್ನು ನಮ್ಮಿಬ್ಬರ ಹೆಸರಿಗೂ ಬರೆದು ಹೋದ. ಒಬ್ಬರು ಹೂಂ ಅಂದರೆ ಸಾಲದು. ಹಿಂದೊಮ್ಮೆ ಅವರು ಕೇಳಿದಾಗ ನೀನು ಕೊಟ್ಟ ಉತ್ತರ ನನಗೆ ಬಾಯಿಪಾಠವಾಗಿದೆ: 'ಅಲ್ಲಿ ಹಳಿಗಿಂತ ಮುಳ್ಳು ಬೆಳೆದರೆ ಮೇಲು.' ಅವರು ತೆಪ್ಪಗೆ ಹೋದರು. ಈಗ ಮತ್ತೆ ಬಂದಿದ್ದಾರೆ. ನೀನು ಹೂಂ ಅಂದರೆ ಜೂನ್ ತಿಂಗಳಲ್ಲಿ ಪೇಟೆಯಿಂದ ಬಂದರಿನವರೆಗೆ ರೈಲು ಓಡುತ್ತದೆ. ಊಹೂಂ ಅಂದರೆ ಎರಡು ತುಂಡು ಹಳಿಗಳು ಬೇಲಿಯ ಎರಡು ಕಡೆ ಒಂದನ್ನೊಂದು ನೋಡುತ್ತಾ ತುಕ್ಕು ಹಿಡಿಯುತ್ತವೆ.

ನಿನ್ನ ಸಿಟ್ಟು ಹಳಿಯ ಮೇಲಲ್ಲ, ಗೇಟಿನ ಮೇಲೆ. ಅದೂ ಗೊತ್ತು. ಅಪ್ಪ ಹಳಿ ರಿಪೇರಿಗೆ ಹೋದರೆ ಗೇಟಿಗೆ ಅಮ್ಮ, ಅವಳ ಜೊತೆಗೆ ನೀನು. ಮನೆಗೆ ಬಾಡಿಗೆ ಇರಲಿಲ್ಲ, ಅದರ ಬದಲು ಅವಳ ಆಯುಸ್ಸು ಕೊಟ್ಟದ್ದಾಯಿತು. ಬಂದರಿನ ಮೀನುಗಾರನ ಮಗಳು. ತವರಿಗೆ ಹೋಗುವ ರೈಲು ದಿನವೂ ಅವಳ ಕೈ ದಾಟಿಯೇ ಹೋಗುತ್ತಿತ್ತು, ಹತ್ತುವುದಕ್ಕೆ ಮಾತ್ರ ಒಂದು ದಿನವೂ ಬಿಡುವು ಸಿಗಲಿಲ್ಲ. ಬಾಗಿಲ ಹಿಂದೆ ತೂಗುತ್ತಿದ್ದ ಅವಳ ಹುಲ್ಲಿನ ಟೋಪಿ ನೆನಪಿದೆಯಾ? 'ಸಮುದ್ರಕ್ಕೆ ಹೋದಾಗ ಹಾಕ್ಕೋತೀನಿ' ಎಂದು ಕೊಂಡದ್ದು. ರೈಲು ನಿಂತ ಮೇಲೆ ಬಸ್ಸಿನಲ್ಲಾದರೂ ಹೋಗಬಹುದಿತ್ತು, ಅಷ್ಟರಲ್ಲಿ ಅವಳೇ ಇರಲಿಲ್ಲ. ಮಣ್ಣು ಮಾಡಿ ಬಂದ ದಿನ ನೀನು ಆ ಟೋಪಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬ್ರೈಟನ್ನಿಗೆ ಹೋದೆ. ಮತ್ತೆ ಈ ಗೇಟಿನ ಕಡೆ ತಲೆ ಹಾಕಲಿಲ್ಲ.

ಹಾಗಾಗಿ ನಾನೂ ಈ ಆಟದ ರೈಲಿನವರನ್ನು ದೂರವೇ ಇಟ್ಟಿದ್ದೆ. ಅಕ್ಟೋಬರಿನಲ್ಲಿ ಬೇಲಿಯಾಚೆ ಪೊದೆ ಕಡಿಯಲು ಬಂದರು. ಮಳೆ ಹಿಡಿಯಿತು. ಒಬ್ಬ ಹೆಂಗಸು ಬೇಲಿಯ ಮೇಲಿಂದ ಕತ್ತು ಹಾಕಿ, "ಮರೀ, ನಿನ್ನ ಕೆಟಲ್ ದೊಡ್ಡದಾ, ಚಿಕ್ಕದಾ?" ಎಂದು ಕೂಗಿದಳು. ಬೆರಿಲ್ ಅಂತ. ಶಾಲೆಯ ಅಡುಗೆಮನೆಯಲ್ಲಿ ಜೀವಮಾನವಿಡೀ ದುಡಿದವಳು, ಈಗ ಹಳಿ ಹಾಕುವ ತಂಡಕ್ಕೆ ಯಜಮಾನಿ. ಎಲ್ಲರೂ ಅವಳಿಗೆ ಮರಿಗಳೇ, ಎಪ್ಪತ್ತು ದಾಟಿದವರೂ. "ಯಾಕೆ?" ಅಂದೆ. "ಚಿಕ್ಕದಾದ್ರೆ ಎರಡು ಸಲ ಕಾಯಿಸ್ಬೇಕಾಗತ್ತೆ, ಅದಕ್ಕೆ." ಅವಳ ಹಿಂದೆ ಹನ್ನೆರಡು ಜನ ತೊಯ್ದ ಕೋಳಿಗಳ ಹಾಗೆ ನಿಂತಿದ್ದರು. ಏನು ಮಾಡಲಿ?

ಚಹಾ ಮಾತ್ರ ಕೊಟ್ಟೆ, ಅಕ್ಕ. ಮುಂದಿನ ಶನಿವಾರ ಚಹಾ ಮತ್ತು ಹ್ಯಾಮ್ ಇಟ್ಟ ದಪ್ಪ ರೊಟ್ಟಿ. ಅದರ ಮುಂದಿನ ಶನಿವಾರ ಒಂದು ಗುದ್ದಲಿ ಎರವಲು ಕೊಟ್ಟೆ. ಗುದ್ದಲಿಯ ಜೊತೆಗೆ ನಾನೂ ಹೋಗಿದ್ದೆ, ಯಾಕೆಂದರೆ ಕಾವು ಸ್ವಲ್ಪ ಸಡಿಲವಿತ್ತು, ಕಳೆದುಬಿಟ್ಟಾರೆಂದು.

ಇವರು ಎಂಥ ಜನ ಅಂತೀಯಾ! ಇಡೀ ವಾರ ಬ್ಯಾಂಕು, ಅಂಗಡಿ, ಮೊಮ್ಮಕ್ಕಳು ಎಂದು ಓಡಾಡಿ ಶನಿವಾರ ಬಂದು ಕೆಸರಿನಲ್ಲಿ ಬೀಳುತ್ತಾರೆ, ಅದಕ್ಕೆ ತಾವೇ ಕೈಯಿಂದ ದುಡ್ಡೂ ಕೊಡುತ್ತಾರೆ. ಹಳಿಯ ಕೆಳಗೆ ಹಾಕುವ ಒಂದೊಂದು ದಿಮ್ಮಿಗೂ ಒಬ್ಬೊಬ್ಬ ದಾನಿ. ಒಬ್ಬಳು ಗಂಡನ ನೆನಪಿಗೆ ಒಂದು ದಿಮ್ಮಿ ಕೊಟ್ಟಳು. ಆತ ಬದುಕಿದ್ದಷ್ಟು ದಿನ ರೈಲು ತಪ್ಪಿಸಿಕೊಂಡವನಂತೆ. "ಇನ್ನು ಹೇಗ್ ತಪ್ಪಿಸ್ಕೋತಾನೆ ನೋಡ್ತೀನಿ, ಮೇಲೇ ಹೋಗತ್ತಲ್ಲ!" ಅಂದಳು. ಇನ್ನೊಬ್ಬ ಅತ್ತೆಯ ಹೆಸರಿನಲ್ಲಿ ಕೊಟ್ಟು, ಅತಿ ಭಾರದ ಇಂಜಿನ್ ಯಾವುದು ಎಂದು ವಿಚಾರಿಸಿದ.

ಲೀಕ್ ಪಾತಿಯ ವಿಷಯ ಹೇಳಲೇಬೇಕು. ಹಳಿಯ ಹಾದಿ ಸರಿಯಾಗಿ ಅದರ ಮೇಲೇ ಹೋಗುತ್ತದೆ. ರೈಲು ನಿಂತ ಮೇಲೆ ಅಪ್ಪ ತನ್ನ ಹಳೆಯ ಪಾತಿಯಿಂದ ಹೊತ್ತು ತಂದು ಹದ ಮಾಡಿದ ಮಣ್ಣು, ಊರಿನ ಲೀಕ್ ಸ್ಪರ್ಧೆಯ ನನ್ನ ಬಹುಮಾನಗಳೆಲ್ಲ ಅದರಿಂದಲೇ ಬಂದವು. ಬೆರಿಲ್ ಬಂದು ನೋಡಿ, "ಈ ಮಣ್ಣಿಗೆ ಎಷ್ಟು ವಯಸ್ಸು, ಮರೀ?" ಅಂದಳು. "ನನಗಿಂತ ಜಾಸ್ತಿ." "ಹಾಗಾದ್ರೆ ಕೈಹಿಡಿದು ನಡೆಸ್ಕೊಂಡು ಹೋಗ್ಬೇಕು." ಹಾಗೆಯೇ ಮಾಡಿದರು. ಮೇಲಿನ ಮಣ್ಣು ಮೇಲೆ, ಕೆಳಗಿನದು ಕೆಳಗೆ ಇರುವಂತೆ, ತಳ್ಳುಗಾಡಿಗಳ ಸಾಲು ಮೆರವಣಿಗೆಯ ಹಾಗೆ ನನ್ನ ಹಿತ್ತಲಿಗೆ ಹೋಯಿತು. ಆ ಸಾಲಿನಲ್ಲಿ ಪ್ರತಿ ವರ್ಷ ನನ್ನ ಎದುರು ಸೋಲುವ ಸ್ಟೋಕೋನೂ ಇದ್ದ, ಮೂಗು ಮಣ್ಣಿಗೆ ತಾಗಿಸಿಕೊಂಡು. "ಒಳಗೆ ಏನ್ ಹಾಕ್ತೀಯೋ, ನಿಜ ಹೇಳು." "ಸುಳ್ಳು ಹಾಕ್ತೀನಿ ಕಣೋ. ಚೆನ್ನಾಗಿ ಕೊಳೆತದ್ದು." ತಳ್ಳುಗಾಡಿ ಬಿಟ್ಟು ನಕ್ಕರು ಎಲ್ಲ.

ನೆನಪಿಡು, ಹಳಿ ಹಾಕಲು ನಾನು ಒಪ್ಪಿಲ್ಲ. ಲೀಕ್ ಎತ್ತಿಡಲು ಮಾತ್ರ ಒಪ್ಪಿದೆ. ನಿನ್ನನ್ನು ಕೇಳದೆ ಅದಕ್ಕಿಂತ ಮುಂದೆ ಒಂದು ಹೆಜ್ಜೆ ಇಟ್ಟಿಲ್ಲ.

ಈಗ ಈ ಕಾಗದದ ನಿಜವಾದ ವಿಷಯಕ್ಕೆ ಬರುತ್ತೇನೆ. ಅವರಲ್ಲಿ ಲ್ಯಾಂಬ್ಟನ್ ಎಂಬ ನಿವೃತ್ತ ಹಲ್ಲಿನ ಡಾಕ್ಟರಿದ್ದಾರೆ, ಬಹಳ ಸಾಧು ಮನುಷ್ಯ. ಹಳೆಯ ವಸ್ತುಗಳ ಮೂಲ ಬಣ್ಣ ಕಂಡುಹಿಡಿಯುವುದು ಅವರ ಹುಚ್ಚು. ನಮ್ಮ ಹಳೆಯ ಗೇಟುಕಂಬದ ಮುಂದೆ ಸ್ಟೂಲು ಹಾಕಿಕೊಂಡು, ಹಲ್ಲು ಕೆರೆಯುವ ಸಾಮಾನುಗಳಿಂದಲೇ ಮೂರು ಶನಿವಾರ ಕೆರೆದರು. ಬಿಳಿ, ಅದರ ಕೆಳಗೆ ಬಿಳಿ, ಅದರ ಕೆಳಗೆ ಬಿಳಿ. ಎಲ್ಲಕ್ಕಿಂತ ಕೆಳಗೆ, ಬರೀ ಮರಕ್ಕೆ ಅಂಟಿಕೊಂಡು, ನೀಲಿ! ಅವರು ಕೂಗಿದ್ದು ಕೇಳಿ ಬೆರಿಲ್ ಪೆಟ್ಟಾಯಿತೆಂದು ಪಟ್ಟಿ, ಹತ್ತಿ ಹಿಡಿದು ಓಡಿಬಂದಳು. ಹಳೆಯ ರೈಲು ಕಂಪನಿಯ ಮರೆತುಹೋದ ಬಣ್ಣ ಇದೇ ಎಂದು ಸಂಘದ ಪತ್ರಿಕೆಯಲ್ಲಿ ದೊಡ್ಡ ಲೇಖನ ಬರೆದರು. ದಾನಿಗಳಿಗೆ ಖುಷಿಯೋ ಖುಷಿ. ಪೇಟೆಯಿಂದ ಬಂದರಿನವರೆಗೆ ಎಲ್ಲ ಗೇಟು, ಎಲ್ಲ ಬೆಂಚು, ನಿಲ್ದಾಣದ ಬಾಗಿಲುಗಳೂ ಅದೇ ನೀಲಿಯಾಗಬೇಕೆಂದು ಠರಾವಾಯಿತು.

ನನಗೆ ಚಹಾ ನೆತ್ತಿಗೆ ಹತ್ತಿತ್ತು. ನೆನಪಾಯಿತಾ? ಲಾರಿ ಗುದ್ದಿ ಗೇಟು, ಕಂಬ ಎರಡೂ ಮುರಿದು, ಹೊಸ ಮರ ತಂದು ನಿಲ್ಲಿಸಿದ್ದರು. ಬಿಳಿ ಬಳಿಯುವವರು ಬರಬೇಕಿತ್ತು. ಅಷ್ಟರೊಳಗೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಗೇಟೆಲ್ಲ ನೀಲಿ. ರೈಲ್ವೆಯ ಇನ್ಸ್‌ಪೆಕ್ಟರ್ ಬಂದು, ಮನೆ ಖಾಲಿ ಮಾಡಿಸುತ್ತೇನೆ ಎಂದು ಗುಡುಗಿದ. ಹದಿನೇಳರ ನೀನು ಸೊಂಟದ ಮೇಲೆ ಕೈಯಿಟ್ಟು, "ನಾನೇ ಬಳಿದದ್ದು, ಏನೀಗ?" ಅಂದೆ. ಅಮ್ಮ ಕೈಗಳನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಅವಳಿಗೆ ಎಷ್ಟು ನಾಚಿಕೆಯಾಯಿತೋ ಎಂದು ನನಗೆ ಆಗ ಸಂಕಟವಾಗಿತ್ತು. ಅದೇ ಸಂಜೆ ಅಪ್ಪ, ನಾನು ಸೇರಿ ಬಿಳಿ ಬಳಿದೆವು.

ಕೆಲವು ವಾರ ಸುಮ್ಮನಿದ್ದೆ. ಆದರೆ ಅಷ್ಟು ಒಳ್ಳೆಯ ಮನುಷ್ಯನ ಎದುರು ಕೂತು ರೊಟ್ಟಿ ತಿನ್ನುತ್ತಾ ಎಷ್ಟು ದಿನ ಸುಮ್ಮನಿರಲಿ? ಕಳೆದ ಶನಿವಾರ ಎಲ್ಲರ ಮುಂದೆ ಹೇಳಿಬಿಟ್ಟೆ. "ಡಾಕ್ಟ್ರೇ, ಅದು ಕಂಪನಿ ಬಣ್ಣ ಅಲ್ಲ. ನಮ್ಮಕ್ಕನ ಸಿಟ್ಟಿನ ಬಣ್ಣ."

ಲ್ಯಾಂಬ್ಟನ್ ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು. ಆಮೇಲೆ, "ಅವರು ಬಳಿದದ್ದು ಈ ಗೇಟಿಗೇ ತಾನೆ?" ಎಂದು ಕೇಳಿದರು. "ಹೌದು." "ಈ ಗೇಟಿನಲ್ಲಿ ದಿನಾ ನಿಂತವರೇ ತಾನೆ?" "ಹೌದು." "ಹಾಗಿದ್ರೆ ಕಂಪನಿಗಿಂತ ಅವರ ಹಕ್ಕೇ ದೊಡ್ಡದು." ಬೆರಿಲ್ ಎದ್ದು, "ಕೈ ಎತ್ರೋ ಮರಿಗಳಾ!" ಅಂದಳು. ಗೇಟಿನ ಹಸಿರು, ಬೆಂಚಿನ ಕಂದು ಎಂದು ವರ್ಷಗಟ್ಟಲೆ ಜಗಳವಾಡಿದ ಸಂಘದಲ್ಲಿ ಮೊದಲ ಬಾರಿಗೆ ಎಲ್ಲರ ಕೈಯೂ ಮೇಲೆದ್ದಿತು. ಸ್ಟೋಕೋ ಎರಡೂ ಕೈ ಎತ್ತಿದ. ಬಣ್ಣದ ಡಬ್ಬದ ಮೇಲೆ 'ಹಿಲ್ಡಾ ನೀಲಿ' ಎಂದು ಅಚ್ಚು ಹಾಕಿಸುತ್ತಾರಂತೆ.

ನೀನು ಊಹೂಂ ಅಂದರೂ ಬಣ್ಣ ಹಾಗೇ ಇರುತ್ತದೆ ಎಂದು ಅವರೇ ಹೇಳಿದ್ದಾರೆ, ಲಂಚ ಅಂದುಕೊಳ್ಳಬೇಡ. ಆದರೆ ಅಕ್ಕ, ನೀನು ಹೂಂ ಅನ್ನಬೇಕೆಂದು ನನಗೆ ಆಸೆ. ಅಮ್ಮನೂ ನೀನೂ ಎಷ್ಟೋ ಜನರಿಗೆ ದಾರಿ ಬಿಟ್ಟಿರಿ. ಒಂದು ಸಲವಾದರೂ ನಮ್ಮ ಮನೆಯವರು ಒಳಗೆ ಕೂತು ಈ ಗೇಟು ದಾಟಬೇಡವೇ? ಮೊದಲ ರೈಲಿನ ಒಂದು ಟಿಕೆಟ್ ಇದರೊಳಗಿದೆ.

ಉತ್ತರಕ್ಕೆ ಕಾದಿರುವ,
ನಿನ್ನ ತಮ್ಮ
ಮ್ಯಾಟಿ

ಮರೆತಿದ್ದೆ: ನಾನು ಅವರ ಸಂಘಕ್ಕೆ ಸೇರಿಲ್ಲ ಎಂದು ಕ್ರಿಸ್‌ಮಸ್ ಕಾಗದದಲ್ಲಿ ಬರೆದಿದ್ದೆನಲ್ಲ, ಅದು ಆಗಲೇ ಸುಳ್ಳಾಗಿತ್ತು. ಗೇಟಿನವನ ಪರೀಕ್ಷೆಯಲ್ಲೂ ಪಾಸಾಗಿದ್ದೇನೆ. ಟೋಪಿ ಕೊಟ್ಟಿದ್ದಾರೆ, ಸ್ವಲ್ಪ ದೊಡ್ಡದು, ಕಿವಿ ತಡೆಯುತ್ತದೆ. ನೀನು ಕೂತ ರೈಲಿಗೆ ಗೇಟು ಹಾಕುವವನು ನಾನೇ.

*

ಬ್ರೈಟನ್
೧೨ ಮಾರ್ಚ್ ೨೦೧೬

ಮ್ಯಾಟಿ,

ಮಡಚಬೇಡ ಅಂದೆಯಲ್ಲ, ಅದಕ್ಕೇ ಮಡಚಿಟ್ಟೆ. ಎರಡು ದಿನ ಸಕ್ಕರೆ ಡಬ್ಬದ ಕೆಳಗಿತ್ತು. ಮೂರನೆಯ ದಿನ ಚಹಾಕ್ಕೆ ಸಕ್ಕರೆ ಬೇಕಾಯಿತು.

ಲೀಕ್ ಎತ್ತಿಡಲು ಮಾತ್ರ ಒಪ್ಪಿದನಂತೆ! ಚಿಕ್ಕಂದಿನಲ್ಲೂ ನೀನು ಹೀಗೇ. ಕೇಕಿನ ಅಂಚು ಮಾತ್ರ ಸರಿಮಾಡುತ್ತೇನೆ ಎಂದು ಅರ್ಧ ಕೇಕು ಮುಗಿಸುತ್ತಿದ್ದೆ. ನೀನು ಸಂಘಕ್ಕೆ ಸೇರಿದ್ದು ಕ್ರಿಸ್‌ಮಸ್ ಕಾಗದದಲ್ಲೇ ಗೊತ್ತಾಯಿತು. ಸೇರದವನು ಹಳಿಯ ಬಗ್ಗೆ ನಾಲ್ಕು ಪುಟ ಬರೆಯುವುದಿಲ್ಲ.

ಹೂಂ.

ಬರೆದಿದ್ದೇನೆ, ನೋಡಿಕೊ. ವಕೀಲರಿಗೆ ಬೇಕಾದ ಸಹಿಯನ್ನು ಬೇರೆ ಕಾಗದದಲ್ಲಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಹಳಿ ಹಾಕಿಕೊಳ್ಳಲಿ. ನಾನು ಮುಳ್ಳು ಬೆಳೆಯಲಿ ಅಂದದ್ದು ನಿಜ. ಆ ಗೇಟಿನ ಹತ್ತಿರ ಇನ್ನೊಬ್ಬ ಹೆಂಗಸು ಗಡಿಯಾರ ನೋಡಿಕೊಂಡು ನಿಲ್ಲುವುದು ನನಗೆ ಬೇಡವಾಗಿತ್ತು. ಈಗ ನಿಲ್ಲುವವನು ನೀನು, ಅದೂ ಸಂಬಳವಿಲ್ಲದೆ, ಕಿವಿಯವರೆಗೆ ಟೋಪಿ ಇಳಿಸಿಕೊಂಡು. ಅದನ್ನು ನೋಡಲಿಕ್ಕಾದರೂ ನಾನು ಬರಬೇಕು. ಕಿಟಕಿಯಿಂದ ರಾಣಿಯ ಹಾಗೆ ಕೈ ಬೀಸುತ್ತೇನೆ. ನೀನು ನಗಬಾರದು, ಡ್ಯೂಟಿಯಲ್ಲಿರುತ್ತೀ.

ಆ ಬೆರಿಲ್‌ಗೆ ಹೇಳು, ನನ್ನನ್ನು ಮರಿ ಎಂದು ಕರೆದರೆ ಪರವಾಗಿಲ್ಲ, ಯಾರಾದರೂ ಹಾಗೆ ಕರೆದು ಬಹಳ ವರ್ಷವಾಯಿತು.

ನಿನ್ನ ಅಕ್ಕ
ಹಿಲ್ಡಾ

ಇನ್ನೊಂದು ಮಾತು. ಡಬ್ಬದ ಮೇಲೆ ನನ್ನ ಹೆಸರು ಹಾಕಿಸಬೇಡ. ಬಳಿದದ್ದು ನಾನಲ್ಲ, ಅಮ್ಮ. ಬಂದರಿನಿಂದ ಅವಳ ಅಣ್ಣ ಕಳಿಸಿದ ದೋಣಿಯ ಬಣ್ಣ ಅದು, ಅವರಪ್ಪನ ದೋಣಿಗೆ ಬಳಿದು ಉಳಿದದ್ದು. ಬೆಳಕು ಹರಿಯುವ ಮೊದಲೇ ಎದ್ದು ಇಡೀ ಗೇಟಿಗೆ ಬಳಿದಿದ್ದಳು. ನಾನು ಹೊರಗೆ ಬಂದು, "ಏನಮ್ಮ ಇದು!" ಅಂದರೆ, "ನೋಡೇ, ನಮ್ಮ ದೋಣಿ ಬಂದು ಬಾಗಿಲಲ್ಲೇ ನಿಂತಿದೆ" ಎಂದು ಪುಟ್ಟ ಹುಡುಗಿಯ ಹಾಗೆ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ಇನ್ಸ್‌ಪೆಕ್ಟರ್ ಬಂದಾಗ ಅವಳು ಬಾಯಿ ತೆರೆದಿದ್ದರೆ ಕೆಲಸವೂ ಹೋಗುತ್ತಿತ್ತು, ಮನೆಯೂ ಹೋಗುತ್ತಿತ್ತು. ಹುಡುಗಿಯನ್ನಾದರೆ ಬೈದು ಬಿಡುತ್ತಾರೆ. ನಾಚಿಕೆಯಿಂದ ಒಳಗೆ ಹೋದಳು ಅಂದುಕೊಂಡೆಯಾ, ಪೆದ್ದ? ಏಪ್ರನ್ನಿನೊಳಗೆ ಅವಳ ಕೈ ಮಣಿಕಟ್ಟಿನವರೆಗೂ ನೀಲಿಯಾಗಿತ್ತು.

ಡಬ್ಬದ ಮೇಲೆ ಅಮ್ಮನ ಹೆಸರೇ ಇರಲಿ, 'ಆಗ್ನೆಸ್ ನೀಲಿ' ಎಂದು ಹಾಕಿಸು. ಇನ್ನೊಂದು ಟಿಕೆಟ್ ಕಳಿಸು, ಕಿಟಕಿಯ ಪಕ್ಕದ್ದೇ ಆಗಬೇಕು. ಅಮ್ಮನ ಹುಲ್ಲಿನ ಟೋಪಿ ಕಡೆಗೂ ಅವಳ ಊರಿನ ಸಮುದ್ರಕ್ಕೆ ಹೊರಟಿದೆ, ಅದನ್ನು ನನ್ನ ತೊಡೆಯ ಮೇಲೆ ಕೂರಿಸಿಕೊಂಡು ಬರಲಾರೆ.