ಅರ್ಧ ಕೌದಿಯನ್ನು ಟೈಲರನಿಗೆ ಕೊಡಲಾರೆ

ಅಕ್ಕನಿಗೆ ತಂಗಿಯ ನಮಸ್ಕಾರ.

ಫೋನಿನಲ್ಲಿ ನೀನು ನನ್ನ ಮಾತು ಮುಗಿಯಗೊಡುವುದಿಲ್ಲ, ಅದಕ್ಕೇ ಪಕ್ಕದ ಮನೆಯಾಕೆಯ ಕೈಲಿ ಈ ಪತ್ರ. ನನ್ನ ಅರ್ಧ ಕೌದಿಯನ್ನು ನಾಳೆ ಒಯ್ದು ಟೈಲರನಿಗೆ ಕೊಡುತ್ತೇನೆಂದು ಸಾರಿದ್ದೀಯ. ಹಾಗೆ ಬಂದೆಯೋ, ಬಾಗಿಲಲ್ಲೇ ಅಕ್ಕತಂಗಿಯರ ಯುದ್ಧ.

ನಿನ್ನ ಕೋಪ ನ್ಯಾಯವಾದದ್ದೇ. ನಿನ್ನ ಮೊಮ್ಮಗಳು ಹುಟ್ಟುವ ಮೊದಲೇ ಅವಳಿಗೆಂದು ಶುರು ಮಾಡಿದ ಕೌದಿ, ಅವಳೀಗ ಅಂಬೆಗಾಲಿಡುತ್ತಿದ್ದಾಳೆ. “ಆಸ್ಪತ್ರೆಯವ್ರು ಕರೆದ್ರೆ ಓಡ್ತೀಯ, ನಾನು ಕೇಳಿದ್ರೆ ಸುಸ್ತು ಅಂತೀಯ” ಎಂದು ನೀನಂದೆ. ಸುಳ್ಳಲ್ಲ. ಎರಡೆರಡು ಪಾಳಿ ರೋಗಿಗಳಿಗೆ ಸೂಜಿ ಚುಚ್ಚಿ ಬಂದ ನರ್ಸಿಗೆ ಮನೆಯಲ್ಲೂ ಸೂಜಿಯೇ ಎಂದರೆ ಮೈಯೆಲ್ಲ ಉರಿಯುತ್ತಿತ್ತು.

ಇವತ್ತು ನನಗೆ ರಜೆ. ನಿನಗೊಪ್ಪಿಸುವ ಮೊದಲು ಒಂದು ಸಾಲಾದರೂ ಹಾಕೋಣವೆಂದು ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡೆ. ಒಂದು ಹೋಗಿ ಹನ್ನೊಂದಾಯಿತು, ನನಗೇ ತಿಳಿಯಲಿಲ್ಲ. ಆಗ ಫೋನ್ ಬಡಿದುಕೊಂಡಿತು, ಆಸ್ಪತ್ರೆಯದೇ. ಯಾರೋ ಬಂದಿಲ್ಲ, ಅವರ ಪಾಳಿಗೆ ನಾನು ಬೇಕು, ಇನ್ನೇನಿರುತ್ತದೆ? ಅಭ್ಯಾಸಬಲದಿಂದ ದಡಕ್ಕನೆ ಎದ್ದೆ. ನನ್ನ ಜೊತೆ ಕೌದಿಯೂ ಎದ್ದಿತು. ತೊಡೆಯ ಮೇಲೆ ಮಣೆ ಇಟ್ಟುಕೊಳ್ಳದೆ, ಉಟ್ಟ ಬಟ್ಟೆಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ.

ಕತ್ತರಿ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು ಅಕ್ಕಾ. ನಾನು ಮುಟ್ಟಲಿಲ್ಲ. ಫೋನ್ ನಾಲ್ಕು ಸಲ ಅರಚಿ ಸುಮ್ಮನಾಯಿತು. ಮತ್ತೆ ಕೂತು ಹನ್ನೆರಡನೆಯ ಸಾಲು ಹಾಕಿದೆ.

ನನಗೆ ಹದಿನೈದು ದಿನ ಕೊಡು. ನಾಳೆ ಬರಲೇಬೇಕೆಂದರೆ ಬಿಳಿ ದಾರದ ಎರಡು ಉಂಡೆ ತಂದು, ನನ್ನೆದುರು ಮಾತಾಡದೆ ಕೂತಿರು.

ಕೌದಿಯಿಂದ ಇನ್ನೂ ಬಿಡಿಸಿಕೊಳ್ಳದ,
ನಿನ್ನ ತಂಗಿ